ಹಂಸ ಮೇಡಂ ತೆಗೆದ ಹೆಸರು

ಹಂಸ ಹುಟ್ಟಿ ಬೆಳೆದದ್ದು ಚನ್ನರಾಯಪಟ್ಟಣದಲ್ಲಿ. ಅಪ್ಪ ಚಲುವನಾರಾಯಣರು ಅಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದರು. ಹಗಲು ಪಾಠ, ಸಂಜೆಯಾದರೆ ಕಾವ್ಯವಾಚನ. ನವರಾತ್ರಿ ಬಂತೆಂದರೆ ಯಾರದಾದರೂ ಜಗಲಿಯ ಮೇಲೆ ಕೂತು ಹಳೆಯ ಪದ್ಯಗಳನ್ನು ರಾಗವಾಗಿ ಓದುತ್ತಿದ್ದರು. ಮೈಕಿಲ್ಲದಿದ್ದರೂ ಬೀದಿಯ ಕೊನೆಯ ಮನೆಗೆ ಕೇಳುತ್ತಿತ್ತು. ಆ ಕಂಠ ಮಗಳಿಗೆ ಬರಲಿಲ್ಲ. ಅವಳು ಹಾಡಿದರೆ ಅಪ್ಪ ಏನೂ ಅನ್ನದೆ ಸುಮ್ಮನೆ ತೊಡೆಯ ಮೇಲೆ ತಾಳ ಹಾಕುವುದನ್ನು ನಿಲ್ಲಿಸುತ್ತಿದ್ದರು. ಅಷ್ಟರಲ್ಲೇ ಅವಳಿಗೆ ತಿಳಿಯುತ್ತಿತ್ತು.

ಕಂಠ ಬರದಿದ್ದರೂ ಅಕ್ಷರ ಬಂತು. ಹಂಸ ಕನ್ನಡ ಎಂ.ಎ. ಮಾಡಿ ಹೊಳೆನರಸೀಪುರದ ಡಿಗ್ರಿ ಕಾಲೇಜಿನಲ್ಲಿ ಅಧ್ಯಾಪಕಿಯಾದಳು. ಗಂಡ ಮುರಳೀಕೃಷ್ಣನಿಗೆ ಗೊರೂರಿನ ನೀರಾವರಿ ಕಚೇರಿಯಲ್ಲಿ ಕೆಲಸ. ಮಗಳು ಶರ್ವಾಣಿ ಹಾಸನದಲ್ಲಿ ಓದುತ್ತಿದ್ದಳು. ಹೀಗೆ ಮನೆ ಅರ್ಧ ಖಾಲಿಯಾದ ಕಾಲದಲ್ಲೇ ಹಂಸ ಅಂತರ್ಜಾಲದ ವಿಶ್ವಕೋಶಕ್ಕೆ ಬರೆಯುವುದನ್ನು ಹಿಡಿದಳು. ಹಾಸನದಲ್ಲಿ ಸುದರ್ಶನ್ ಎನ್ನುವವರು ನಡೆಸಿದ ಒಂದು ಶಿಬಿರಕ್ಕೆ ಹೋಗಿ ಕಲಿತು ಬಂದವಳು, ಕೆಲವೇ ವರ್ಷಗಳಲ್ಲಿ ಅವರ ಸರಿಸಮಕ್ಕೆ ಬಂದಳು. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಆ ವಿಶ್ವಕೋಶದಲ್ಲಿ ಪುಟ ಅಳಿಸುವ ಅಧಿಕಾರ ಇರುವವರು ಬೆರಳೆಣಿಕೆಯಷ್ಟು ಜನ. ಅವರನ್ನು ನಿರ್ವಾಹಕರು ಎನ್ನುತ್ತಾರೆ. ಹಂಸ ಅವರಲ್ಲಿ ಒಬ್ಬಳಾದಳು.

ಆ ಅಧಿಕಾರವನ್ನು ಅವಳು ಕಟ್ಟುನಿಟ್ಟಾಗಿ ನಡೆಸಿದಳು. ಚುನಾವಣೆ ಹತ್ತಿರ ಬಂದರೆ ಸಮಾಜ ಸೇವಕರ ಪುಟಗಳು ಅಣಬೆಯ ಹಾಗೆ ಏಳುತ್ತಿದ್ದವು. ಸೈಟು ಮಾರುವವರು, ಜ್ಯೋತಿಷ್ಯ ಹೇಳುವವರು, ಒಂದೇ ಒಂದು ಕವನ ಸಂಕಲನ ತಂದ ಕವಿಗಳು, ಎಲ್ಲರೂ ತಮ್ಮ ಜೀವನಚರಿತ್ರೆ ತಾವೇ ಬರೆದು ಹಾಕುತ್ತಿದ್ದರು. ಹಂಸ ಒಂದೊಂದಕ್ಕೂ ಅಳಿಸುವ ಚೀಟಿ ಅಂಟಿಸಿ, ಕೆಳಗಿನ ಚರ್ಚೆಯಲ್ಲಿ ಒಂದೇ ಮಾತು ಬರೆಯುತ್ತಿದ್ದಳು: 'ಇದು ಅಭಿನಂದನಾ ಫಲಕವಲ್ಲ, ವಿಶ್ವಕೋಶ.' ಆ ಮಾತು ಉಳಿದ ಸಂಪಾದಕರಲ್ಲಿ ಪ್ರಸಿದ್ಧವಾಗಿತ್ತು. ತಮಾಷೆಗೆ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಹಂಸಳಿಗೆ ಅದರಿಂದ ಒಳಗೊಳಗೇ ಹೆಮ್ಮೆ.

ಆ ವರ್ಷ ಕಾಲೇಜಿನಲ್ಲಿ ಅವಳೇ ವಿದ್ಯಾರ್ಥಿಗಳಿಗೆ ಶಿಬಿರ ಇಟ್ಟಳು. ಒಬ್ಬ ವ್ಯಕ್ತಿಯ ಬಗ್ಗೆ ಲೇಖನ ಹೇಗಿರಬೇಕು ಎಂದು ತೋರಿಸಲು ಪರದೆಯ ಮೇಲೆ ಒಂದು ಪುಟ ತೆರೆದಳು. ಅದು ಹಿಂದೆ ಅವಳೇ ಬರೆದಿದ್ದ, ಗಮಕಿ ಚಲುವನಾರಾಯಣರ ಪುಟ. ಹುಟ್ಟು, ಓದು, ವಾಚನ ಶೈಲಿ, ಕೊನೆಯಲ್ಲಿ ಉಲ್ಲೇಖಗಳು, ಎಲ್ಲ ಅಚ್ಚುಕಟ್ಟಾಗಿತ್ತು. ಅವರು ತನ್ನ ಅಪ್ಪ ಎಂದು ಅವಳು ಹೇಳಲಿಲ್ಲ. ಕೆಲವರಿಗೆ ಗೊತ್ತಿತ್ತು, ಕೆಲವರಿಗೆ ಇರಲಿಲ್ಲ.

ಬಿ.ಎ. ಕೊನೆಯ ವರ್ಷದ ರಂಜಿತಾ ಅದನ್ನು ನೋಡಿಯೇ ಬರೆಯಲು ಕಲಿತಳು. ಅವಳು ದಿನಾ ರಾಮನಾಥಪುರದಿಂದ ಬಸ್ಸು ಹಿಡಿದು, ಅರಕಲಗೂಡಿನಲ್ಲಿ ಇನ್ನೊಂದಕ್ಕೆ ಹತ್ತಿ ಕಾಲೇಜಿಗೆ ಬರುವ ಹುಡುಗಿ, ಮಾತು ಕಡಿಮೆ. ತನ್ನ ತಾತ ರುದ್ರಯ್ಯನವರ ಬಗ್ಗೆ ಅವಳು ಒಂದು ಪುಟ ಬರೆದಳು. ರುದ್ರಯ್ಯ ಹೊಗೆಸೊಪ್ಪು ಬೆಳೆಯುವ ರೈತರು. ರಾಮನಾಥಪುರದಲ್ಲಿ ಕಾವೇರಿಗೆ ಸ್ನಾನಕ್ಕಿಳಿದು ಸುಳಿಗೆ ಸಿಕ್ಕವರನ್ನು ಹರೆಯದಿಂದಲೂ ಈಜಿ ಎಳೆದು ತಂದವರು. ಬದುಕಿದವರನ್ನೂ ತಂದಿದ್ದರು, ಬದುಕದವರನ್ನೂ. ಪೊಲೀಸಿನವರು ಹೆಣ ಹುಡುಕಬೇಕಾದರೆ ಮೊದಲು ಅವರ ಮನೆಗೇ ಹೇಳಿ ಕಳಿಸುತ್ತಿದ್ದರು. ರಂಜಿತಾ ಇದನ್ನೆಲ್ಲ ಬರೆದು, ಉಲ್ಲೇಖ ಎಂದಿರುವ ಜಾಗದಲ್ಲಿ 'ಊರಿನವರೆಲ್ಲರೂ ಬಲ್ಲರು' ಎಂದು ಹಾಕಿದ್ದಳು.

ಹಂಸ ಅದನ್ನು ಓದಿ ನಕ್ಕಳು. ಆಮೇಲೆ ಚೀಟಿ ಅಂಟಿಸಿದಳು. ಅಭಿನಂದನಾ ಫಲಕದ ಮಾತನ್ನೂ ಕೆಳಗೆ ಬರೆದಳು.

ರಂಜಿತಾ ಸ್ಟಾಫ್ ರೂಮಿಗೆ ಬಂದು ನಿಂತಳು. ದೇವಸ್ಥಾನದ ಅರ್ಚಕರು ಬರೆದುಕೊಟ್ಟರೆ ಆಗುತ್ತದೆಯೇ ಎಂದು ಕೇಳಿದಳು. ಆಗುವುದಿಲ್ಲ ಎಂದಳು ಹಂಸ. ತಾತ ಬದುಕಿಸಿದವರೇ ಬಂದು ಹೇಳಿದರೆ? ಅದೂ ಆಗುವುದಿಲ್ಲ.

"ಪತ್ರಿಕೆಯಲ್ಲೋ ಪುಸ್ತಕದಲ್ಲೋ ಬಂದಿರಬೇಕು ಕಣಮ್ಮ. ಅದೂ ಸ್ವಂತದವರಲ್ಲದವರು ಬರೆದಿರಬೇಕು. ನಿಮ್ಮ ತಾತನ ಮೇಲೆ ನನಗೇನೂ ಕೋಪ ಇಲ್ಲ. ನಿಯಮ ಎಲ್ಲರಿಗೂ ಒಂದೇ," ಎಂದಳು.

ರಂಜಿತಾ ತಲೆಯಾಡಿಸಿ ಹೋದಳು. ಚರ್ಚೆಯ ಗಡುವು ಮುಗಿದ ದಿನ ಹಂಸ ಊಟದ ಬಿಡುವಿನಲ್ಲಿ, ಡಬ್ಬಿಯ ಮುಚ್ಚಳ ತೆಗೆಯುವ ಮೊದಲು, ಆ ಪುಟವನ್ನು ತಾನೇ ಅಳಿಸಿದಳು. ನಿಯಮದ ಪ್ರಕಾರ ತಪ್ಪೇನೂ ಇರಲಿಲ್ಲ.

ಕೆಲವು ದಿನ ಕಳೆದ ಮೇಲೆ ಗಮಕಿ ಚಲುವನಾರಾಯಣರ ಪುಟದ ನೆತ್ತಿಯ ಮೇಲೆ ಅಳಿಸುವ ಚೀಟಿಯೊಂದು ಕಾಣಿಸಿಕೊಂಡಿತು. ಅಂಥ ಚೀಟಿಯನ್ನು ಯಾರು ಬೇಕಾದರೂ ಅಂಟಿಸಬಹುದು; ಇದನ್ನು ಅಂಟಿಸಿದವಳು ರಂಜಿತಾ. ಕೆಳಗೆ ವಿನಯವಾಗಿಯೇ ಬರೆದಿದ್ದಳು. ಈ ಪುಟಕ್ಕೆ ಕೊಟ್ಟ ಉಲ್ಲೇಖಗಳನ್ನು ಒಂದೊಂದಾಗಿ ನೋಡಿದೆ. ಮೊದಲನೆಯದು ಒಂದು ಸ್ಮರಣ ಸಂಚಿಕೆ, ಅದರ ಸಂಪಾದಕರು ಹಂಸ ಮೇಡಂ. ಪತ್ರಿಕೆಯ ಲೇಖನಗಳನ್ನು ಬರೆದವರು ವಸಿಷ್ಠ, ಅವರು ಚಲುವನಾರಾಯಣರ ಮಗ ಎಂದು ಅದೇ ಸಂಚಿಕೆಯಲ್ಲಿದೆ. ಸ್ವಂತದವರಲ್ಲದವರು ಬರೆದದ್ದು ಒಂದೂ ಕಾಣಲಿಲ್ಲ. ಮೇಡಂ ಹೇಳಿಕೊಟ್ಟ ನಿಯಮದ ಪ್ರಕಾರ ಕೇಳುತ್ತಿದ್ದೇನೆ, ಈ ಪುಟ ಉಳಿಯಬಹುದೇ?

ಹಂಸಳಿಗೆ ಮೊದಲು ಬಂದದ್ದು ಸಿಟ್ಟು. ನಿನ್ನೆ ಮೊನ್ನೆ ಕಲಿತ ಹುಡುಗಿ, ತಾನೇ ಕೈ ಹಿಡಿದು ಬರೆಸಿದವಳು. ಆ ದಿನ ತರಗತಿಯಲ್ಲಿ ಹಾಜರಿ ಕರೆಯುವಾಗ ರಂಜಿತಾಳ ಹೆಸರನ್ನು ಸ್ವಲ್ಪ ಜೋರಾಗಿ ಕೂಗಿದಳು. ಹುಡುಗಿ ಎಂದಿನಂತೆ 'ಎಸ್ ಮೇಡಂ' ಎಂದು ಕೂತಳು. ಮನೆಗೆ ಬಂದು ಪುಟವನ್ನು ಮತ್ತೆ ತೆರೆದು ಉಲ್ಲೇಖಗಳನ್ನು ತಾನೇ ಒಂದೊಂದಾಗಿ ನೋಡಿದಳು. ಹುಡುಗಿ ಬರೆದದ್ದರಲ್ಲಿ ಸುಳ್ಳೊಂದೂ ಇರಲಿಲ್ಲ. ಬೇರೆ ಯಾರದಾದರೂ ಪುಟವಾಗಿದ್ದರೆ ತಾನು ಇಷ್ಟು ಹೊತ್ತಿಗೆ ಅಳಿಸಿ ಕೈ ತೊಳೆದುಕೊಂಡಿರುತ್ತಿದ್ದೆ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆದರೂ ಚರ್ಚೆಯಲ್ಲಿ 'ಉಳಿಸಿ' ಎಂದು ಬರೆದಳು. ಗಮಕ ಕಲೆಯ ಬಗ್ಗೆ ಪತ್ರಿಕೆಗಳು ಬರೆಯುವುದೇ ಕಡಿಮೆ, ಆದ್ದರಿಂದ ವಿನಾಯಿತಿ ಬೇಕು ಎಂದು ದೊಡ್ಡ ಟಿಪ್ಪಣಿ ಬರೆದಳು. ಯಾರೋ ಒಬ್ಬರು, ನಿಮಗೂ ಅವರಿಗೂ ಸಂಬಂಧವಿದೆಯೇ ಎಂದು ಕೇಳಿದರು. ಹಂಸ ಉತ್ತರ ಕೊಡಲಿಲ್ಲ. ಒಬ್ಬೊಬ್ಬರಾಗಿ ಸಂಪಾದಕರು 'ಅಳಿಸಿ' ಎನ್ನತೊಡಗಿದರು. ಒಬ್ಬರು ಅವಳದೇ ಮಾತನ್ನು, ಅಭಿನಂದನಾ ಫಲಕದ ಮಾತನ್ನು, ಬರೆದು ಮುಂದೆ ನಗುವ ಮುಖವೊಂದನ್ನು ಹಾಕಿದ್ದರು. ಅಪ್ಪನ ಹೆಸರಿನ ಕೆಳಗೆ ಆ ನಗುವ ಮುಖ. ಅದನ್ನು ನೋಡಿದ ಮೇಲೆ ಹಂಸಳಿಗೆ ತಡೆಯಲಾಗಲಿಲ್ಲ.

ಅವಳ ಹತ್ತಿರ ಇನ್ನೊಂದು ಖಾತೆ ಇತ್ತು. ಹಿಂದೊಮ್ಮೆ ಪಾಸ್‌ವರ್ಡ್ ಮರೆತುಹೋದಾಗ 'ಹೇಮಾವತಿ ತೀರ' ಎನ್ನುವ ಹೆಸರಿನಲ್ಲಿ ತೆರೆದದ್ದು. ಅದು ತನ್ನದೆಂದು ಯಾರಿಗೂ ಹೇಳಿರಲಿಲ್ಲ, ಮುಚ್ಚಿಡಬೇಕೆಂದೂ ಇರಲಿಲ್ಲ. ಮರುದಿನ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಉತ್ತರ ಪತ್ರಿಕೆಗಳ ಕಟ್ಟಿನ ಹಿಂದೆ ಫೋನು ಹಿಡಿದುಕೊಂಡು, ಆ ಹೆಸರಿನಿಂದ ಬರೆದಳು: 'ಉಳಿಸಿ. ನಾನು ಇವರ ವಾಚನವನ್ನು ಕೇಳಿದ್ದೇನೆ. ಹಾಸನ ಜಿಲ್ಲೆಯಲ್ಲಿ ಇವರನ್ನು ಅರಿಯದವರಿಲ್ಲ ಎಂಬುದನ್ನು ಗಮನಿಸತಕ್ಕದ್ದು.' ಬರೆದು ಫೋನನ್ನು ಬೋರಲು ಹಾಕಿ, ಕೆಂಪು ಪೆನ್ನು ತೆಗೆದುಕೊಂಡಳು. ಅಂಕ ಕೂಡಿಸುವಾಗ ಎರಡು ಸಲ ತಪ್ಪಿತು.

ಸಂಜೆ ಸುದರ್ಶನ್ ಫೋನ್ ಮಾಡಿದರು. ಮೃದು ಮಾತಿನ ಮನುಷ್ಯ. ಹೊಳೆನರಸೀಪುರದ ಹವೆ, ಶರ್ವಾಣಿಯ ಓದು ಎಲ್ಲ ವಿಚಾರಿಸಿಕೊಂಡ ಮೇಲೆ, ಗಮನಿಸತಕ್ಕದ್ದು ಎಂಬ ಮಾತನ್ನು ಇಡೀ ವಿಶ್ವಕೋಶದಲ್ಲಿ ಬಳಸುವವರು ನೀವೊಬ್ಬರೇ ಅಂತ ನಾನು ತಿಳಿದಿದ್ದೆ ಎಂದರು.

"ನೀವೇ ಹೇಳಿಬಿಟ್ಟರೆ ಒಳ್ಳೇದು ಮೇಡಂ. ತನಿಖೆಗೆ ಹಾಕಿದರೆ ಯಾವ ನೆಟ್ಟಿಂದ ಬರೆದದ್ದು ಅನ್ನೋದೆಲ್ಲಾ ಬಯಲಿಗೆ ಬರುತ್ತೆ."

ಹೇಳಲು ಅದೇ ಸಮಯವಾಗಿತ್ತು. ಹಂಸಳ ಬಾಯಲ್ಲಿ ಬಂದದ್ದು ಬೇರೆಯೇ. ಕಾಲೇಜಿನ ವೈಫೈ ಎಲ್ಲರೂ ಬಳಸುತ್ತಾರೆ, ಯಾರೋ ವಿದ್ಯಾರ್ಥಿಗಳು ಬರೆದಿರಬಹುದು, ತನ್ನ ಮಾತನ್ನು ಕೇಳಿ ಕೇಳಿ ಕಲಿತಿರಬಹುದು ಎಂದಳು. ಸುದರ್ಶನ್, ಸರಿ ಮೇಡಂ ಎಂದು ಫೋನಿಟ್ಟರು. ಸುಳ್ಳನ್ನು ಮಕ್ಕಳ ಮೇಲೆ ಹಾಕಿದೆನಲ್ಲ ಎಂದು ಹಂಸ ಫೋನಿನ ಕಪ್ಪು ಪರದೆಯನ್ನು ನೋಡುತ್ತ ನಿಂತಳು. ವಾಪಸು ಫೋನ್ ಮಾಡೋಣವೆಂದುಕೊಂಡಳು. ಮಾಡಲಿಲ್ಲ.

ತನಿಖೆ ನಡೆಯಿತು. ಎರಡೂ ಖಾತೆ ಒಬ್ಬರದೇ ಎಂದು ಚರ್ಚೆಯ ಕೊನೆಗೆ ಎಲ್ಲರಿಗೂ ಕಾಣುವ ಹಾಗೆ ಬರೆದರು. ಚಲುವನಾರಾಯಣರ ಪುಟ ಅಳಿಸಿಹೋಯಿತು. ಹಂಸಳ ನಿರ್ವಾಹಕ ಅಧಿಕಾರ ಹೋಯಿತು, ಆರು ತಿಂಗಳು ಏನೂ ಬರೆಯಬಾರದೆಂದು ಖಾತೆಯನ್ನು ತಡೆದರು. ಯಾರೂ ಬೈಯಲಿಲ್ಲ. ಒಬ್ಬರು ಮಾತ್ರ 'ಬೇಸರವಾಯಿತು' ಎಂದು ಒಂದು ಪದ ಬರೆದರು. ಆ ಪುಟದ ಚಿತ್ರವನ್ನು ಯಾರೋ ಕಾಲೇಜಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಮರುದಿನ ಹಂಸ ಸ್ಟಾಫ್ ರೂಮಿಗೆ ಕಾಲಿಟ್ಟಾಗ ಮಾತು ನಿಂತಿತು. ಇತಿಹಾಸದ ನಿಧಿ ಮೇಡಂ ಎದ್ದು ಫ್ಯಾನಿನ ಸ್ವಿಚ್ಚು ಒತ್ತಿದರು, ಫ್ಯಾನು ಆಗಲೇ ತಿರುಗುತ್ತಿದ್ದುದರಿಂದ ಅದು ನಿಂತಿತು. ಮತ್ತೆ ಹಾಕಿದರು.

ಮುರಳೀಕೃಷ್ಣನಿಗೆ ಅವಳೇ ಹೇಳಿದಳು. ಅವನು, ಆಯ್ತಲ್ಲ ಬಿಡು, ಯಾರು ಓದ್ತಾರೆ ಅದನ್ನ ಎಂದ. ಸಮಾಧಾನಕ್ಕೆ ಹೇಳಿದ ಮಾತು ಅದು. ಯಾರೂ ಓದದ್ದಕ್ಕಾಗಿ ಸುಳ್ಳು ಹೇಳಿದೆನೇ ಎಂದು ಹಂಸಳಿಗೆ ಇನ್ನೂ ಹಿಂಸೆಯಾಯಿತು.

ಭಾನುವಾರ ಚನ್ನರಾಯಪಟ್ಟಣಕ್ಕೆ ಹೋದಳು. ಅಪ್ಪನಿಗೆ ಎಂಬತ್ತು ದಾಟಿದೆ. ವಸಿಷ್ಠನ ಮನೆಯಲ್ಲಿದ್ದಾರೆ. ಅಮ್ಮ ಸುಂದರಮ್ಮ ತೀರಿಕೊಂಡ ಮೇಲೆ ಹೊರಗೆ ಓದುವುದು ನಿಲ್ಲಿಸಿದ್ದರೂ ಬೆಳಗ್ಗೆ ಹೂ ಕಟ್ಟುವಾಗ ಪದ್ಯ ಗುನುಗುತ್ತಾರೆ. ಹಂಸ ಹೋದಾಗ ವರಾಂಡದಲ್ಲಿ ಕೂತಿದ್ದರು. ಹಳೆಯ ವಿದ್ಯಾರ್ಥಿಯೊಬ್ಬ ಆಗಲೇ ಬಂದು ಎಲ್ಲವನ್ನೂ ಹೇಳಿಹೋಗಿದ್ದ.

"ನನ್ನ ಪರವಾಗಿ ನೀನೇ ಸಾಕ್ಷಿ ಹೇಳಿದ್ಯಂತೆ," ಎಂದರು. "ಅದೂ ಎರಡು ಬಾಯಲ್ಲಿ."

ಹಂಸ ಅಪ್ಪನ ಕಾಲ ಹತ್ತಿರ ಕೂತಳು. ತಪ್ಪಾಯಿತು ಎಂದಳು. ಅವರು, ಆ ಪುಟ ಇದ್ದದ್ದೇ ತಮಗೆ ಗೊತ್ತಿರಲಿಲ್ಲ, ಈಗ ಹೋದ ಮೇಲೆ ಗೊತ್ತಾಯಿತು ಎಂದರು. ಬೀದಿಯವರು ಕೇಳುತ್ತಿದ್ದಾರಂತೆ, ಪಂಡಿತರದ್ದು ಏನೋ ಸುಳ್ಳು ಲೆಕ್ಕ ಬಯಲಾಯಿತಂತೆ ಎಂದು. ಈ ವಯಸ್ಸಿನಲ್ಲಿ ಯಾರಿಗೆಂದು ವಿವರಿಸಲಿ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಸ್ವಲ್ಪ ಹೊತ್ತಿನ ಮೇಲೆ ಆ ಹುಡುಗಿಯ ತಾತನ ವಿಷಯ ಕೇಳಿದರು.

"ಅವರನ್ನ ನೋಡಿದ್ದೀಯಾ?"

"ಇಲ್ಲಪ್ಪ. ನೋಡಬೇಕಾಗಿಲ್ಲ, ಅದು ನಿಯಮ..."

ಅಪ್ಪ ಎದ್ದು ಒಳಗೆ ಹೋದರು. ಹಂಸ ಊಟಕ್ಕೂ ನಿಲ್ಲದೆ ಬಸ್ ಸ್ಟ್ಯಾಂಡಿಗೆ ಬಂದಳು.

ರಾಮನಾಥಪುರಕ್ಕೆ ಹೋಗಲು ಮತ್ತೊಂದು ವಾರ ಹಿಡಿಯಿತು. ದಿನವೂ ನಾಳೆ ಎಂದುಕೊಳ್ಳುತ್ತಿದ್ದಳು. ಕೊನೆಗೆ ಒಂದು ದಿನ ರಂಜಿತಾಳನ್ನು ತರಗತಿಯ ಹೊರಗೆ ನಿಲ್ಲಿಸಿ, ನಿಮ್ಮ ಮನೆಗೆ ಬರಬಹುದೇ ಎಂದು ಕೇಳಿದಳು. ಹುಡುಗಿ ನೆಲ ನೋಡುತ್ತ, ಬನ್ನಿ ಮೇಡಂ ಎಂದಳು.

ಹೊಗೆಸೊಪ್ಪಿನ ಹರಾಜು ಶುರುವಾಗಿದ್ದ ಕಾಲ. ಮನೆಯ ಪಕ್ಕ ಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಬೆಂಕಿಯ ಕಾವು ಕೊಟ್ಟು ಹದ ಮಾಡಿದ ಎಲೆ ಜಗಲಿಯ ಮೇಲೆ ರಾಶಿ ಬಿದ್ದಿತ್ತು. ರುದ್ರಯ್ಯನವರೂ ಅವರ ಹೆಂಡತಿ ಬಸವಲಿಂಗಮ್ಮನೂ ಎದುರುಬದುರು ಕೂತು ಎಲೆಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದರು. ಹಂಸ ಎಣಿಸಿಕೊಂಡಿದ್ದಕ್ಕಿಂತ ಕುಳ್ಳಗಿನ ಮನುಷ್ಯ, ಅಗಲ ಭುಜ, ಹಣೆಯಲ್ಲಿ ವಿಭೂತಿ. ಬಸವಲಿಂಗಮ್ಮ ಚಾಪೆ ಹಾಸಿ ಮಜ್ಜಿಗೆ ತಂದುಕೊಟ್ಟರು. ಮೊಮ್ಮಗಳ ಮೇಡಂ ಬಂದಿದ್ದಾರೆಂದು ಇಬ್ಬರಿಗೂ ಸಂಭ್ರಮವೇ. ಪುಟ ಅಳಿಸಿದವಳು ಇವಳೇ ಎಂದು ರಂಜಿತಾ ಮನೆಯಲ್ಲಿ ಹೇಳಿರಲಿಲ್ಲ. ಹಂಸಳೇ ಹೇಳಬೇಕಾಯಿತು.

ರುದ್ರಯ್ಯ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟರು.

"ಒಂದ್ ಮಾತ್ ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ ಮೇಡಮ್ಮೋರೆ. ರೇಸನ್ ಕಾರ್ಡಲ್ಲಿ ಎಸ್ರು ತೆಗೀತಾರೆ, ಸತ್ತೋದ್ರೆ. ಓಟಿನ ಪಟ್ಟೀಲಿ ತೆಗೀತಾರೆ, ಊರ್ ಬುಟ್ಟೋದ್ರೆ. ನಾನ್ ಬದುಕಿವ್ನಿ, ಊರಲ್ಲೇ ಇವ್ನಿ. ಏನ್ ತಪ್ ಮಾಡ್ದೆ ಅಂತ ತೆಗೆದ್ರಿ?"

ತಪ್ಪೇನೂ ಮಾಡಿಲ್ಲ ಎಂದು ಹಂಸ ಹೇಳಿದಳು. ಉಲ್ಲೇಖ, ಪತ್ರಿಕೆ, ಪುಸ್ತಕ ಎಂದು ವಿವರಿಸಲು ಹೋದಳು. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ತಮ್ಮ ಕಷ್ಟ ಹೇಳಿದರು. ಹಿಂದೆ ಒಮ್ಮೆ ಒಬ್ಬ ಹೆಂಗಸಿನ ಹೆಣ ತೆಗೆದಾಗ ಕೊರಳಲ್ಲಿ ಸರ ಇರಲಿಲ್ಲ. ಹೊಳೆಯೇ ತೆಗೆದುಕೊಂಡಿತೋ ಏನೋ. ಆಗ ಕೆಲವರು ಇವರ ಮುಖ ನೋಡಿದ್ದರು. ಕಾಲ ಕಳೆದ ಹಾಗೆ ಅದು ಮರೆತುಹೋಗಿತ್ತು. ಈಗ ರುದ್ರಯ್ಯನ ಹೆಸರು ಕಂಪ್ಯೂಟರಿನಲ್ಲಿ ಬಂತು ಎಂದು ಊರೆಲ್ಲ ಸುದ್ದಿಯಾಗಿ, ಫೋನಿನಲ್ಲಿ ನೋಡಲು ಹೋದವರಿಗೆ ಅದು ಸಿಗದೆ ಹೋಗಿ, ಮಾತು ಮತ್ತೆ ಎದ್ದಿತು.

"ಸರದ ಇಚಾರ ಮ್ಯಾಲಿನೋರ್ಗೆ ಗೊತ್ತಾಯ್ತು, ಅದ್ಕೇ ತೆಗೆದವ್ರೆ ಅಂತ ಪಾಪಯ್ಯ ಟೀ ಅಂಗ್ಡೀಲಿ ಕೂತ್ಕಂಡು ಯೋಳ್ತಾವ್ನೆ. ನನ್ನೆದ್ರುಗೇ ಯೋಳ್ದ," ಎಂದರು ರುದ್ರಯ್ಯ. ಬಸವಲಿಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಬ್ಯಾರನ್ನಿನ ಕಡೆ ಹೋದರು.

ಹಂಸ ಮಜ್ಜಿಗೆಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಳು. ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಮುಗಿಸಿದ ಕೆಲಸ ಇದು ಎನ್ನುವುದು ಅವಳಿಗೆ ಮೈಯೆಲ್ಲ ತಾಗಿತು. ನನಗೆ ಗೊತ್ತಿರುವ ಪತ್ರಕರ್ತರಿದ್ದಾರೆ, ನಿಮ್ಮ ಬಗ್ಗೆ ಬರೆಸುತ್ತೇನೆ, ಆಗ ಪುಟ ಮತ್ತೆ ಬರುತ್ತದೆ ಎಂದು ತಡವರಿಸಿದಳು. ಇಷ್ಟು ಹೊತ್ತು ಕಂಬಕ್ಕೆ ಒರಗಿ ನಿಂತಿದ್ದ ರಂಜಿತಾ ಆಗ ಮಾತಾಡಿದಳು.

"ಬೇಡ ಮೇಡಂ. ನಿಮ್ಮ ತಂದೆಯವರಿಗೂ ಹಾಗೇ ಅಲ್ವಾ ಮಾಡಿದ್ದು?"

ರುದ್ರಯ್ಯ ಮೊಮ್ಮಗಳನ್ನು ಗದರಿಕೊಂಡು, ತಮಗೆ ಬೇಕಾದ್ದು ಒಂದೇ ಎಂದರು. ಟೀ ಅಂಗಡಿಗೆ ಬಂದು, ತೆಗೆದದ್ದು ತಪ್ಪಿಗಲ್ಲ ಎಂದು ಒಂದು ಮಾತು ಹೇಳಿಹೋಗಬೇಕು.

ಬಸ್ ನಿಲ್ಲುವ ಕಡೆ ಇರುವ ಆ ಅಂಗಡಿಗೆ ಮೂವರೂ ನಡೆದರು. ಹರಾಜಿಗೆ ಬಂದ ರೈತರು, ದೇವಸ್ಥಾನಕ್ಕೆ ಬಂದವರು, ಬೆಂಚಿನ ತುಂಬ ಜನ. ಆ ಪಾಪಯ್ಯ ಅಲ್ಲೇ ಕೂತು ಪೇಪರ್ ಓದುತ್ತಿದ್ದರು. ತರಗತಿಯಲ್ಲಿ ದಿನವೂ ಮಾತಾಡುವ ಹಂಸಳಿಗೆ ಅಲ್ಲಿ ದನಿ ಏಳಲಿಲ್ಲ. ನಾನು ಹೊಳೆನರಸೀಪುರದ ಕಾಲೇಜಿನಲ್ಲಿ ಪಾಠ ಮಾಡುವವಳು, ರುದ್ರಯ್ಯನವರ ಹೆಸರು ತೆಗೆದವಳು ನಾನೇ ಎಂದು ಶುರುಮಾಡಿದಳು. ಅವರ ತಪ್ಪಿಗೆ ತೆಗೆದದ್ದಲ್ಲ, ಸರದ ವಿಷಯ ತನಗೆ ಇವತ್ತಿನವರೆಗೆ ಗೊತ್ತೇ ಇರಲಿಲ್ಲ, ಅವರ ಬಗ್ಗೆ ಎಲ್ಲೂ ಯಾರೂ ಬರೆದಿರಲಿಲ್ಲವೆಂದು ತೆಗೆದದ್ದು ಎಂದಳು. ಒಬ್ಬ ರೈತ, ಯಾರೂ ಬರೀದೆ ಇದ್ರೆ ಮಾಡಿದ್ದು ಸುಳ್ಳಾಗ್ತದಾ ಎಂದು ಕೇಳಿದ. ಕೆಣಕಲು ಕೇಳಿದ್ದಲ್ಲ, ತಿಳಿಯದೆ ಕೇಳಿದ್ದು. ಹಂಸ, ಇಲ್ಲ ಎಂದಳು. ಆಮೇಲೆ ಯಾರೂ ಕೇಳದಿದ್ದರೂ ಅವಳ ಬಾಯಿಂದ ಇನ್ನೊಂದು ಮಾತು ಬಂತು.

"ನಮ್ಮಪ್ಪನ ಬಗ್ಗೆಯೂ ಯಾರೂ ಬರೆದಿರಲಿಲ್ಲ. ನಾನೇ ಬರೆದು ಇಟ್ಟುಕೊಂಡಿದ್ದೆ. ಇವರದ್ದು ತೆಗೆದೆ."

ಅರ್ಧ ಜನರಿಗೆ ಆ ಮಾತು ಅರ್ಥವಾಗಿರಲಿಕ್ಕಿಲ್ಲ. ಪಾಪಯ್ಯ ಪೇಪರಿನಿಂದ ಕಣ್ಣೆತ್ತಿ, ಸರಿ ಬುಡಿ, ಅಂಗಂದ್ರೆ ಮುಗೀತಲ್ಲ ಎಂದು ಮತ್ತೆ ಪೇಪರಿಗೆ ತಿರುಗಿದರು. ರುದ್ರಯ್ಯ ಹಂಸಳಿಗೆ ಕೈ ಮುಗಿದರು. ಅವರು ಬೈದಿದ್ದರೆ ತಡೆದುಕೊಳ್ಳಬಹುದಾಗಿತ್ತು, ಆ ಕೈ ಮುಗಿದದ್ದನ್ನು ತಡೆಯಲಾಗಲಿಲ್ಲ. ಅರಕಲಗೂಡಿನ ಬಸ್ಸು ಬಂತು. ಸೀಟಿದ್ದರೂ ಹಂಸ ಬಹಳ ದೂರ ನಿಂತೇ ಬಂದಳು.

ಊರಿನ ಮಾತು ಪೂರ್ತಿ ನಿಂತಿತೋ ಇಲ್ಲವೋ ಅವಳಿಗೆ ಗೊತ್ತಾಗಲಿಲ್ಲ. ಕೇಳುವ ಧೈರ್ಯ ಬರಲಿಲ್ಲ. ಸುದರ್ಶನ್‌ಗೆ ಫೋನ್ ಮಾಡಿ, ವಿದ್ಯಾರ್ಥಿಗಳ ಮೇಲೆ ಹಾಕಿದ್ದು ಸುಳ್ಳು ಎಂದು ಹೇಳಿದಳು. ಗೊತ್ತಿತ್ತು ಮೇಡಂ ಎಂದಷ್ಟೇ ಅಂದರು. ಆರು ತಿಂಗಳು ಕಳೆದು ಖಾತೆಯ ತಡೆ ತೆರವಾಯಿತು. ಹಂಸ ಒಂದೆರಡು ಸಲ ವಿಶ್ವಕೋಶ ತೆರೆದು, ಯಾರೋ ತಪ್ಪಾಗಿ ಬರೆದಿದ್ದ ಹಳ್ಳಿಯ ಹೆಸರುಗಳ ಕಾಗುಣಿತ ತಿದ್ದಿದಳು. ಜನರ ಪುಟಗಳ ಕಡೆ ಹೋಗಲಿಲ್ಲ. ಅಳಿಸುವ ಚರ್ಚೆಗಳಲ್ಲಿ ಹೊಸಬರು ಯಾರೋ ಅವಳ ಆ ಹಳೆಯ ಮಾತನ್ನೇ ಬಳಸುತ್ತಿದ್ದುದು ಕಣ್ಣಿಗೆ ಬಿದ್ದರೆ ಪುಟ ಮುಚ್ಚಿಬಿಡುತ್ತಿದ್ದಳು. ಅಪ್ಪ ಮತ್ತೆ ಆ ವಿಷಯ ಎತ್ತಲಿಲ್ಲ. ಹೋದಾಗಲೆಲ್ಲ ಮೊದಲಿನ ಹಾಗೆಯೇ ಮಾತಾಡಿಸಿದರು. ಆದರೆ ಅವಳ ಮುಂದೆ ಪದ್ಯ ಗುನುಗುವುದನ್ನು ಬಿಟ್ಟರು. ಅಥವಾ ಹಂಸಳಿಗೆ ಹಾಗೆ ಅನ್ನಿಸಿತು.

ಪರೀಕ್ಷೆಯ ಫಲಿತಾಂಶ ಬಂದ ಮೇಲೆ ರಂಜಿತಾ ಕಾಲೇಜಿಗೆ ಬಂದಿದ್ದಳು. ಕನ್ನಡದಲ್ಲಿ ತರಗತಿಗೇ ಹೆಚ್ಚು ಅಂಕ, ಹಾಸನದಲ್ಲಿ ಬಿ.ಎಡ್.ಗೆ ಸೇರುವವಳಿದ್ದಳು. ಹಂಸ ಕಾರಿಡಾರಿನಲ್ಲಿ ಅವಳನ್ನು ನಿಲ್ಲಿಸಿ ಶುಭ ಹಾರೈಸಿದಳು. ಮತ್ತೆ ವಿಶ್ವಕೋಶಕ್ಕೆ ಏನಾದರೂ ಬರೆಯುತ್ತೀಯಾ ಎಂದು ಕೇಳಿದಳು.

"ಇಲ್ಲ ಮೇಡಂ," ಎಂದಳು ರಂಜಿತಾ. "ತಾತ ಬೇಡ ಅಂದವ್ರೆ."

ಹಂಸ ಸರಿ ಎಂದಳು. ಇನ್ನೇನೋ ಹೇಳಬೇಕೆಂದು ನಿಂತಳು. ಹುಡುಗಿ ಸ್ವಲ್ಪ ಹೊತ್ತು ಕಾದು, ಟಿ.ಸಿ. ಎಲ್ಲಿ ಕೊಡ್ತಾರೆ ಮೇಡಂ ಎಂದು ಕೇಳಿದಳು. ಹಂಸ ಆಫೀಸಿನ ಬಾಗಿಲು ತೋರಿಸಿದಳು.